ಜುಹು ಏರೋಡ್ರೋಮ್ ಮತ್ತು ಅದರ ಅಕ್ಕಪಕ್ಕದ ನಾವು

(ಮುಂಬಯಿಯ ಸಾಂತಾಕ್ರೂಜ್ ವೆಸ್ಟ್‌ನಲ್ಲಿ ಕನ್ನಡದವರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದಿದ್ದು.)

ಇಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾರ್ಲೆ, ಸಾಂತಾಕ್ರೂಜ್, ಜುಹು ಕಡೆಯವರು, ಅಂದ್ರೆ ಬೆಳಗ್ಗೆ ಕಾಫಿ ಹೊತ್ತಿಗೇ ಹೆಲಿಕಾಪ್ಟರ್ ಸದ್ದು ಶುರುವಾಗೋದು ನಿಮಗೆಲ್ಲ ಗೊತ್ತು. ಅದರೊಳಗೆ ಯಾರು ಹೋಗ್ತಿದಾರೆ ಅಂತ ಕೇಳಿದ್ರೆ ಹೆಚ್ಚಿನವರು ಹೇಳೋದು ಫಿಲಂ ಸ್ಟಾರ್ ಇರಬೇಕು, ಮಂತ್ರಿ ಇರಬೇಕು, ಇಲ್ಲಾ ಯಾವುದೋ ಸೇಠ್‌ಜಿ ಇರಬೇಕು ಅಂತ. ಅವರೂ ಇರ್ತಾರೆ, ಇಲ್ಲ ಅಂತಲ್ಲ. ಆದ್ರೆ ದಿನಾ ಏರೋ ಹೆಲಿಕಾಪ್ಟರ್‌ಗಳಲ್ಲಿ ದೊಡ್ಡ ಪಾಲು ಸಮುದ್ರದ ಮಧ್ಯೆ ಎಣ್ಣೆ ಬಾವಿಗೆ ಕೆಲಸಕ್ಕೆ ಹೋಗೋ ಜನರದ್ದು. ಬಾಂಬೆ ಹೈ ಅಂತ ಕೇಳಿರ್ತೀರಿ, 1974ರಲ್ಲಿ ಅಲ್ಲಿ ಎಣ್ಣೆ ಸಿಕ್ತು, ನಮ್ಮ ಕಿನಾರೆಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್. ಅಲ್ಲಿನ ಪ್ಲಾಟ್‌ಫಾರ್ಮ್‌ಗಳಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯವರು 14 ದಿನ ಕೆಲಸ, 14 ದಿನ ರಜೆ ಅನ್ನೋ ಲೆಕ್ಕದಲ್ಲಿ ಜನರನ್ನ ಬದಲಾಯಿಸ್ತಾರೆ, ಆ ಬದಲಾವಣೆ ನಡೆಯೋದು ಜುಹುವಿನ ಏರೋಡ್ರೋಮ್‌ನಿಂದ, ಅಂದ್ರೆ ಇಲ್ಲಿನ ಸಣ್ಣ ವಿಮಾನ ನಿಲ್ದಾಣದಿಂದ. ಇಂಜಿನಿಯರ್ ಇರ್ತಾನೆ, ಡಾಕ್ಟರ್ ಇರ್ತಾರೆ, ವೆಲ್ಡರ್ ಇರ್ತಾನೆ, ಅಡುಗೆಯವನೂ ಇರ್ತಾನೆ. ನಮ್ಮ ಕುಂದಾಪುರ, ಬೈಂದೂರು ಕಡೆ ಹುಡುಗರು ಅಲ್ಲಿ ಕೇಟರಿಂಗ್‌ನಲ್ಲಿ ಕೆಲಸ ಮಾಡಿದ್ದನ್ನ ನಾನೇ ನೋಡಿದೀನಿ, ಕೆಂಪು ಲೈಫ್ ಜಾಕೆಟ್ ಹಾಕ್ಕೊಂಡು ಲೈನಲ್ಲಿ ನಿಂತಿರ್ತಾರೆ, ಹತ್ತೋಕೆ ಮೊದ್ಲು ಹೆಲಿಕಾಪ್ಟರ್ ನೀರಿಗೆ ಬಿದ್ರೆ ಹೊರಗೆ ಬರೋದು ಹೇಗೆ ಅನ್ನೋ ಟ್ರೇನಿಂಗ್ ಬೇರೆ ಮುಗಿಸಿರಬೇಕು, ಈಜುಕೊಳದಲ್ಲಿ ಒಂದು ಡಬ್ಬದ ಥರದ ಕ್ಯಾಬಿನ್ ಒಳಗೆ ಕೂರಿಸಿ ತಲೆಕೆಳಗೆ ಮಾಡಿ ಮುಳುಗಿಸ್ತಾರೆ, ಅದರಿಂದ ಬಿಡಿಸ್ಕೊಂಡು ಹೊರಗೆ ಬರಬೇಕು.

ನಾನು ಏರ್‌ಪೋರ್ಟ್ ಆಪರೇಷನ್ಸ್ ಕೆಲಸದಲ್ಲಿದ್ದು ರಿಟೈರ್ ಆದವನು, ಮನೆ ಇಲ್ಲೇ ಸಾಂತಾಕ್ರೂಜ್. ಏರೋಡ್ರೋಮ್ ಗೋಡೆಯ ಆ ಕಡೆಯೂ ಗೊತ್ತು, ಈ ಕಡೆಯೂ ಗೊತ್ತು. ಗೋಡೆಯ ಎರಡೂ ಕಡೆಯವರು ದಿನಾ ಒಬ್ಬರ ಕೆಲಸವನ್ನ ಇನ್ನೊಬ್ಬರು ಸುಲಭವೋ ಕಷ್ಟವೋ ಮಾಡ್ತಾನೇ ಇರ್ತಾರೆ, ಆದ್ರೆ ಒಬ್ಬರಿಗೊಬ್ಬರು ಮಾತಾಡೋದೇ ಇಲ್ಲ. ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಇದನ್ನೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಜುಹು ಏರೋಡ್ರೋಮ್ ಶುರುವಾಗಿದ್ದು 1928ರಲ್ಲಿ, ಬಾಂಬೆ ಫ್ಲೈಯಿಂಗ್ ಕ್ಲಬ್ ಹುಟ್ಟಿದ್ದೂ ಅದೇ ವರ್ಷ. ದೇಶದ ಮೊದಲ ಸಿವಿಲ್ ವಿಮಾನ ನಿಲ್ದಾಣ ಇದು. ಅದಕ್ಕೂ ಮುಂಚೆ ಇಲ್ಲಿ ಏನಿತ್ತು? ಕೆಸರು ಬಯಲು, ಉಪ್ಪು ನೀರು, ತೆಂಗಿನ ಮರ, ಪಕ್ಕದಲ್ಲಿ ಕೋಳಿ ಅನ್ನೋ ಮೀನುಗಾರ ಸಮುದಾಯದವರ ಹಳ್ಳಿ. ಜುಹು ಕೋಳಿವಾಡ ಇವತ್ತಿಗೂ ಇದೆಯಲ್ಲ, ಅವರು ಏರೋಡ್ರೋಮ್‌ಗಿಂತ ಹಳಬರು, ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

1932ರ ಅಕ್ಟೋಬರ್ 15ಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಟಪಾಲು ಹೊತ್ಕೊಂಡು ಒಂದು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಬಂದಿಳಿದಿದ್ದು ಇದೇ ಜುಹುವಿಗೆ. ಅದು ಎಲ್ಲರಿಗೂ ಗೊತ್ತಿರೋ ಕಥೆ. ಆದ್ರೆ ಆ ಟಪಾಲು ಜುಹುವಿಗೆ ನಿಲ್ಲಲಿಲ್ಲ, ಇಲ್ಲಿಂದ ನೆವಿಲ್ ವಿನ್ಸೆಂಟ್ ಅನ್ನೋ ಇನ್ನೊಬ್ಬ ಪೈಲಟ್ ಅದನ್ನ ಮದ್ರಾಸಿಗೆ ತಗೊಂಡು ಹೋದ, ಮಧ್ಯದಲ್ಲಿ ರಾತ್ರಿ ತಂಗಿದ್ದು ಎಲ್ಲಿ ಅಂದ್ರೆ ನಮ್ಮ ಬಳ್ಳಾರಿಯಲ್ಲಿ. ಟಾಟಾದವರ ಆ ಮೊದಲ ಏರ್‌ಮೇಲ್ ದಾರಿಯಲ್ಲಿ ಜುಹು ಆದಮೇಲಿನ ನಿಲ್ದಾಣ ಬಳ್ಳಾರಿ. ಮುಂಬಯಿ ಕನ್ನಡಿಗರ ಸಭೆಯಲ್ಲಿ ಇದನ್ನ ಹೇಳದೆ ಇರೋಕಾಗಲ್ಲ, ನನಗಂತೂ ಪ್ರತಿ ಸಲ ಹೇಳುವಾಗಲೂ ಖುಷಿ ಆಗುತ್ತೆ.

ಮಳೆಗಾಲದಲ್ಲಿ ಏನ್ ಮಾಡ್ತಿದ್ರು ಗೊತ್ತಾ? ಜುಹು ಪೂರ್ತಿ ಕೆಸರುಗದ್ದೆ ಆಗ್ತಿತ್ತು, ವಿಮಾನ ಇಳಿಸೋಕೆ ಆಗ್ತಿರಲಿಲ್ಲ. ಹಾಗಾಗಿ ಟಾಟಾದವರು ತಮ್ಮ ಇಡೀ ಸಂಸಾರ, ಅಂದ್ರೆ ವಿಮಾನ, ಪೈಲಟ್, ಮೆಕ್ಯಾನಿಕ್ ಎಲ್ಲಾ, ಪುಣೆಗೆ ಸಾಗಿಸ್ತಿದ್ರು, ಯೆರವಡಾ ಜೈಲು ಹತ್ರದ ಬಯಲಿಗೆ. ಮಳೆ ನಿಂತ ಮೇಲೆ ವಾಪಸ್. ಅಂದ್ರೆ ನೀರು ಮತ್ತು ಜುಹುವಿನ ಗಲಾಟೆ ಮೊದಲ ದಿನದಿಂದಲೂ ಇದ್ದಿದ್ದೇ. ಆಮೇಲೆ ಯುದ್ಧ ಬಂತು, ಸಾಂತಾಕ್ರೂಜ್‌ನಲ್ಲಿ ದೊಡ್ಡ ನಿಲ್ದಾಣ ಆಯ್ತು, 1948ರ ಹೊತ್ತಿಗೆ ಪ್ಯಾಸೆಂಜರ್ ಸರ್ವಿಸ್ ಆ ಕಡೆ ಹೋಯ್ತು, ಜುಹು ಫ್ಲೈಯಿಂಗ್ ಕ್ಲಬ್ಬಿನ ಹುಡುಗರಿಗೆ, ಸಣ್ಣ ವಿಮಾನಗಳಿಗೆ, ಆಮೇಲೆ ಹೆಲಿಕಾಪ್ಟರ್‌ಗಳಿಗೆ ಉಳೀತು. 1982ರಲ್ಲಿ ಆ ಮೊದಲ ಹಾರಾಟಕ್ಕೆ 50 ವರ್ಷ ಆದಾಗ ಜೆ.ಆರ್.ಡಿ. 78ನೇ ವಯಸ್ಸಿನಲ್ಲಿ ಕರಾಚಿಯಿಂದ ಅದೇ ದಾರಿಯಲ್ಲಿ ಒಬ್ಬರೇ ಹಾರಿಸ್ಕೊಂಡು ಬಂದ್ರು.

ಈಗ ಎರಡು ನಿಲ್ದಾಣ ಇಷ್ಟು ಹತ್ರ ಇದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಎರಡರ ರನ್‌ವೇನೂ ಹೆಚ್ಚುಕಮ್ಮಿ ಪೂರ್ವ ಪಶ್ಚಿಮ. ಸಮುದ್ರದ ಕಡೆಯಿಂದ ಬರೋ ಪೈಲಟ್‌ಗೆ ಮೊದಲು ಕಾಣೋದೇ ಜುಹು. 1953ರಲ್ಲಿ ಬಿಒಎಸಿ ಅನ್ನೋ ಬ್ರಿಟಿಷ್ ವಿಮಾನ ಕಂಪನಿಯ ಕಾಮೆಟ್ ಜೆಟ್ ಸಾಂತಾಕ್ರೂಜ್ ಅಂದ್ಕೊಂಡು ಜುಹುವಿನಲ್ಲಿ ಇಳೀತು. 1972ರ ಸೆಪ್ಟೆಂಬರ್ 24ಕ್ಕೆ ಜಪಾನ್ ಏರ್‌ಲೈನ್ಸ್‌ನ ಡಿಸಿ-8, ನಾಲ್ಕು ಇಂಜಿನಿನ ದೊಡ್ಡ ಜೆಟ್, ಅದೂ ಇಲ್ಲೇ ಇಳೀತು. ದೊಡ್ಡ ನಿಲ್ದಾಣದ ಮುಖ್ಯ ರನ್‌ವೇ ಸುಮಾರು 3.4 ಕಿಲೋಮೀಟರ್, ಜುಹುವಿಂದು 1.1 ಕಿಲೋಮೀಟರ್ ಚಿಲ್ಲರೆ. ನಿಲ್ಲೋಕೆ ಜಾಗ ಸಾಲಲಿಲ್ಲ, ರನ್‌ವೇ ದಾಟಿ ಹೋಯ್ತು, ವಿಮಾನ ಮತ್ತೆ ಹಾರೋ ಸ್ಥಿತಿಯಲ್ಲಿ ಉಳೀಲಿಲ್ಲ, ಪುಣ್ಯಕ್ಕೆ ಒಳಗಿದ್ದವರ ಜೀವ ಉಳೀತು.

ಇವತ್ತು ಅಂಥದ್ದು ಆಗದ ಹಾಗೆ ಮಾಡೋದು ಯಂತ್ರಗಳ ಜೊತೆಗೆ ಎರಡು ಟವರ್‌ಗಳ ನಡುವಿನ ಮಾತು. ದೊಡ್ಡ ನಿಲ್ದಾಣಕ್ಕೆ ಸಮುದ್ರದ ಕಡೆಯಿಂದ ಇಳಿಯೋ ಜೆಟ್‌ಗಳು ಜುಹುವಿನ ಹತ್ತಿರದಿಂದಲೇ ಹಾದು ಹೋಗ್ತವೆ, ನೀವು ಬೀಚಲ್ಲಿ ನಿಂತು ನೋಡಿರ್ತೀರಿ. ಅದೇ ಆಕಾಶದಲ್ಲಿ, ಅದರ ಕೆಳಗೆ, ಜುಹುವಿನ ಹೆಲಿಕಾಪ್ಟರ್ ಹೊರಡಬೇಕು. ಹಾಗಾಗಿ ಜುಹು ಟವರ್‌ನವರು ಮುಂಬಯಿ ಟವರ್‌ನ ಕೇಳದೆ ಒಂದನ್ನೂ ಬಿಡೋ ಹಾಗಿಲ್ಲ. ಹೆಲಿಕಾಪ್ಟರ್ ಫ್ಯಾನು ತಿರುಗಿಸ್ಕೊಂಡು ಐದು ಹತ್ತು ನಿಮಿಷ ನೆಲದ ಮೇಲೇ ಸದ್ದು ಮಾಡ್ತಾ ಕೂತಿದ್ರೆ ಅದು ಮೇಲೆ ಜೆಟ್ ಹಾದುಹೋಗ್ಲಿ ಅಂತ ಕಾಯ್ತಿರಬಹುದು. ಮನೇಲಿ ಕೂತವರಿಗೆ ಸುಮ್ಮನೆ ಸದ್ದು ಮಾಡ್ತಿದಾನೆ ಅನ್ಸುತ್ತೆ, ಅದೂ ಸಹಜವೇ, ಯಾರೂ ಹೇಳಿಲ್ಲ ನೋಡಿ.

ಸದ್ದಿನ ವಿಷಯ ಬಂತಲ್ಲ, ಅದನ್ನೇ ಮುಗಿಸ್ತೀನಿ. ವಿಮಾನ ಆಗಲಿ ಹೆಲಿಕಾಪ್ಟರ್ ಆಗಲಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತೆ, ಗಾಳಿಗೆ ಎದುರಾಗಿ ಇಳಿಯುತ್ತೆ. ನಮ್ಮ ಕಿನಾರೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ ಬರುತ್ತೆ, ಚಳಿಗಾಲದ ಬೆಳಗ್ಗೆ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತೆ. ಹಾಗಾಗಿ ಮಧ್ಯಾಹ್ನ ಏರೋದು ಸಮುದ್ರದ ಕಡೆಗೆ, ಬೆಳಗ್ಗೆ ಏರೋದು ಊರಿನ ಕಡೆಗೆ ಆಗಬಹುದು. ಎಸ್‌ವಿ ರೋಡ್ ಕಡೆ ಇರೋರು ಡಿಸೆಂಬರ್ ಜನವರಿಯಲ್ಲಿ ಸದ್ದು ಜಾಸ್ತಿ ಆಯ್ತು ಅಂತ ಹೇಳಿದ್ರೆ ಅದು ಬರೀ ಅವರ ಭ್ರಮೆ ಅಲ್ಲ, ಗಾಳಿಯ ಲೆಕ್ಕ ಇದೆ ಅದಕ್ಕೆ. ಇಳಿಯುವಾಗ ಬರೋ ಟಪ ಟಪ ಟಪ ಸದ್ದು ಬೇರೆ, ಅದು ಒಂದು ರೆಕ್ಕೆ ಬಿಟ್ಟುಹೋದ ಗಾಳಿಯ ಸುಳಿಗೆ ಹಿಂದಿನ ರೆಕ್ಕೆ ಹೊಡೆಯೋದ್ರಿಂದ ಬರೋದು, ಇಳಿಯೋ ಕೋನ ಸ್ವಲ್ಪ ಬದಲಾಯಿಸಿದ್ರೆ ಕಡಿಮೆಯಾಗುತ್ತೆ, ಒಳ್ಳೆ ಪೈಲಟ್‌ಗಳು ಮಾಡ್ತಾರೆ. ಇನ್ನು ಹ್ಯಾಂಗರ್ ಹೊರಗೆ ರಿಪೇರಿ ಆದಮೇಲೆ ಇಂಜಿನ್ ಓಡಿಸಿ ಟೆಸ್ಟ್ ಮಾಡೋದು, ಅದನ್ನ ಮಾತ್ರ ಹೊತ್ತು ನೋಡಿ ಮಾಡಬಹುದು. ನನ್ನ ಪ್ರಕಾರ ಅಕ್ಕಪಕ್ಕದವರು ಮೊದಲು ಕೇಳಬೇಕಾದ್ದು ಇದನ್ನೇ. ಹಾರಾಟದ ಸದ್ದು ಅರ್ಧ ನಿಮಿಷಕ್ಕೆ ಹೋಗುತ್ತೆ, ಗ್ರೌಂಡ್ ರನ್ ಸದ್ದು ನಿಂತಲ್ಲೇ ನಿಂತಿರುತ್ತೆ, ಮಕ್ಕಳ ಪರೀಕ್ಷೆ ಸಮಯದಲ್ಲಿ ಒಂದು ವೇಳೆ ಗೊತ್ತು ಮಾಡಿಕೊಂಡ್ರೆ ಯಾರಿಗೂ ನಷ್ಟ ಇಲ್ಲ.

ಈಗ ಎತ್ತರದ ವಿಷಯ. ಇದಕ್ಕೇ ನೀವು ಬಂದಿರೋದು ಅಂತ ನನಗೆ ಗೊತ್ತು, ಸೊಸೈಟಿ ರಿಡೆವಲಪ್‌ಮೆಂಟ್ ತಲೆನೋವು ಇಲ್ಲದ ಮನೆ ಇಲ್ಲಿ ಕಮ್ಮಿ.

ಫನಲ್ ಝೋನ್ ಫನಲ್ ಝೋನ್ ಅಂತ ಎಲ್ಲರೂ ಹೇಳ್ತಾರೆ, ಹಾಗಂದ್ರೆ ಏನು ಅಂತ ಬಿಲ್ಡರ್ ಕೂಡ ಸರಿಯಾಗಿ ಬಿಡಿಸಿ ಹೇಳಲ್ಲ. ನಮ್ಮ ಊರ ಕಡೆ ಹೆಂಚಿನ ಮನೆಯ ಮಾಡು ನೆನಪು ಮಾಡ್ಕೊಳ್ಳಿ. ಅಂಚಿನ ಹತ್ರ ತಲೆ ತಗ್ಗಿಸ್ಕೊಂಡು ಹೋಗಬೇಕು, ಒಳಗೊಳಗೆ ಹೋದ ಹಾಗೆ ಮಾಡು ಎತ್ತರ ಆಗ್ತಾ ಹೋಗುತ್ತೆ. ರನ್‌ವೇ ಕೊನೆಯೇ ಆ ಅಂಚು, ಅಲ್ಲಿಂದ ದೂರ ಹೋದ ಹಾಗೆ ಕಣ್ಣಿಗೆ ಕಾಣದ ಮಾಡು ಏರ್ತಾ ಹೋಗುತ್ತೆ, ಅದರ ಕೆಳಗೆ ನಮ್ಮ ಬಿಲ್ಡಿಂಗ್ ಇರಬೇಕು. ಜುಹುವಿನಷ್ಟು ಉದ್ದದ, ಪೈಲಟ್ ಕಣ್ಣಿನಿಂದಲೇ ನೋಡಿ ಇಳಿಸೋ ರನ್‌ವೇಗೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಆ ಏರು 4 ಪರ್ಸೆಂಟ್, ಅಂದ್ರೆ 25 ಮೀಟರ್ ದೂರಕ್ಕೆ 1 ಮೀಟರ್ ಎತ್ತರ. ಅರ್ಧ ಕಿಲೋಮೀಟರ್ ದೂರದಲ್ಲಿ 20 ಮೀಟರ್, ಹೆಚ್ಚಂದ್ರೆ ಆರು ಮಾಳಿಗೆ. ಪಕ್ಕಕ್ಕೆ ಬೇರೆ ಏರು, ಅದು ಇನ್ನೂ ಕಡಿದು. ಆಮೇಲೆ ಸುತ್ತ ಒಂದಷ್ಟು ದೂರ 45 ಮೀಟರ್ ಎತ್ತರದಲ್ಲಿ ಒಂದು ಸಪಾಟು ಮೇಲ್ಮೈ. ಇದು ಜುಹುವಿನ ಲೆಕ್ಕ ಒಂದೇ. ಅದರ ಮೇಲೆ ದೊಡ್ಡ ನಿಲ್ದಾಣದ ಲೆಕ್ಕ ಬೇರೆ ಬೀಳುತ್ತೆ, ಅದು ಜಾಸ್ತಿ ದೂರದವರೆಗೆ, ಜಾಸ್ತಿ ಬಿಗಿ. ನಿಮ್ಮ ಜಾಗದ ಮೇಲೆ ಎರಡೂ ಬಿದ್ರೆ ಯಾವುದು ಕಡಿಮೆಯೋ ಅದೇ ನಿಮ್ಮ ಪಾಲಿಗೆ. ಪಾರ್ಲೆಯಲ್ಲಿ, ಸಾಂತಾಕ್ರೂಜ್‌ನಲ್ಲಿ ಎದುರುಬದುರು ಬಿಲ್ಡಿಂಗ್‌ಗಳಿಗೆ ಬೇರೆ ಬೇರೆ ಎತ್ತರ ಸಿಕ್ಕಿರೋದಕ್ಕೆ ದುಡ್ಡು ಕೊಟ್ಟಿರಬೇಕು ಅಂತ ಮಾತಾಡ್ತಾರೆ, ಹೆಚ್ಚಿನ ಸಲ ಅದು ಈ ಇಳಿಜಾರಿನ ಗಣಿತ ಅಷ್ಟೇ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ, ಸೊಸೈಟಿ ಕಮಿಟಿಯಲ್ಲಿ ಇರೋರು ಬರ್ಕೊಳ್ಳಿ. ಏರ್‌ಪೋರ್ಟ್ಸ್ ಅಥಾರಿಟಿ ಕೊಡೋ ಎನ್‌ಒಸಿಯಲ್ಲಿ, ಅಂದ್ರೆ ಕಟ್ಟೋಕೆ ಆಕ್ಷೇಪ ಇಲ್ಲ ಅನ್ನೋ ಪತ್ರದಲ್ಲಿ, ಇರೋ ಎತ್ತರ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು, ನಿಮ್ಮ ಕಾಂಪೌಂಡ್ ನೆಲದಿಂದ ಅಲ್ಲ. ಎನ್‌ಒಸಿ 40 ಮೀಟರ್ ಅಂದ್ರೆ, ನಿಮ್ಮ ಜಾಗ ಸಮುದ್ರ ಮಟ್ಟಕ್ಕಿಂತ 5 ಮೀಟರ್ ಮೇಲಿದ್ರೆ, ಕಟ್ಟೋಕೆ ಸಿಗೋದು 35. ಆ 35ರಲ್ಲಿ ಲಿಫ್ಟ್ ಮೆಷಿನ್ ರೂಮು, ನೀರಿನ ಟ್ಯಾಂಕು, ಸಿಡಿಲು ರಾಡು, ಡಿಶ್ ಆಂಟೆನಾ ಎಲ್ಲಾ ಸೇರಬೇಕು. ಬಿಲ್ಡರ್ ತೋರಿಸೋ ಬ್ರೋಷರ್‌ನಲ್ಲಿ ಮಾಳಿಗೆ ಮಾತ್ರ ಎಣಿಸಿರ್ತಾರೆ. ಅರ್ಜಿ ಹಾಕುವಾಗ ಜಾಗದ ಎತ್ತರ, ಅಕ್ಷಾಂಶ ರೇಖಾಂಶ ಕೊಡೋರು ಅರ್ಜಿದಾರರೇ, ಅದನ್ನ ಆಮೇಲೆ ತಪ್ಪು ಕೊಟ್ಟಿದಾರೆ ಅಂತ ಆದ್ರೆ ಫ್ಲಾಟ್ ತಗೊಂಡವರ ಗತಿ ಏನು ಹೇಳಿ. 2015ರಲ್ಲಿ ಕೇಂದ್ರ ಸರ್ಕಾರ ಎತ್ತರ ನಿರ್ಬಂಧಕ್ಕೆ ಹೊಸ ನಿಯಮ ತಂತು, ಅರ್ಜಿ ಈಗ ಆನ್‌ಲೈನ್, ಬಣ್ಣ ಬಣ್ಣದ ಝೋನಿಂಗ್ ಮ್ಯಾಪ್ ಕೂಡ ಇದೆ, ಅದನ್ನ ನೋಡಿ ನಿಮ್ಮ ಏರಿಯಾದಲ್ಲಿ ಎಷ್ಟು ಎತ್ತರ ಸಿಗಬಹುದು ಅಂತ ಬಿಲ್ಡರ್ ಬಾಗಿಲು ತಟ್ಟೋ ಮೊದಲೇ ತಿಳ್ಕೊಬಹುದು. ಬಿಲ್ಡಿಂಗ್‌ಗೆ ಎನ್‌ಒಸಿ ಇದ್ರೂ ಕಟ್ಟೋವಾಗ ನಿಲ್ಲಿಸೋ ಟವರ್ ಕ್ರೇನ್ ಅದಕ್ಕಿಂತ ಎತ್ತರ ಹೋಗೋ ಹಾಗಿಲ್ಲ, ಇದನ್ನೂ ಸೈಟಿನವರು ಮರೀತಾರೆ.

ಇದರಲ್ಲಿ ನಿಜವಾಗಿ ಕಷ್ಟಕ್ಕೆ ಬಿದ್ದವರು ಇದಾರೆ, ಅದನ್ನ ಮುಚ್ಚಿಡಬಾರದು. ಐವತ್ತು ಅರವತ್ತು ವರ್ಷದ ಮೂರು ಮಾಳಿಗೆ ಬಿಲ್ಡಿಂಗ್, ಗೋಡೆ ಬಿರುಕು, ಸ್ಲ್ಯಾಬು ಸೋರುತ್ತೆ, ಒಳಗೆ ಇರೋರು ವಯಸ್ಸಾದವರು, ಪೆನ್ಷನ್ ಮೇಲೆ ಬದುಕೋರು. ಮೇಲೆ ಎತ್ತರ ಸಿಗಲ್ಲ, ಹಾಗಾಗಿ ಬಿಲ್ಡರ್‌ಗೆ ಮಾರೋಕೆ ಫ್ಲಾಟು ಮಿಗಲ್ಲ, ಯಾರೂ ಮುಂದೆ ಬರಲ್ಲ. ಎಫ್‌ಎಸ್‌ಐ, ಅಂದ್ರೆ ಜಾಗದ ಅಳತೆಗೆ ಒಟ್ಟು ಎಷ್ಟು ಕಟ್ಟಬಹುದು ಅನ್ನೋ ಲೆಕ್ಕ, ಅದನ್ನ ಕಾಗದದ ಮೇಲೆ ಎಷ್ಟು ಕೊಟ್ರೂ ಇಡೋಕೆ ಜಾಗ ಎಲ್ಲಿ? ಇವರ ಎತ್ತರದ ಹಕ್ಕನ್ನ ಇಡೀ ಊರಿನ ವಿಮಾನ ಸುರಕ್ಷತೆಗೆ ಅಂತ ತಗೊಂಡಿದೀವಿ ಅಂದಮೇಲೆ ಅದರ ಖರ್ಚನ್ನೂ ಇಡೀ ಊರೇ ಹೊರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಬಳಸೋಕಾಗದ ಎಫ್‌ಎಸ್‌ಐಯನ್ನ ಬೇರೆ ಕಡೆ ಮಾರೋಕೆ ಅವರಿಗೆ ಸರಿಯಾದ ದಾರಿ ಬೇಕು. ಇದನ್ನ ಕೇಳೋದು ವಿಮಾನ ವಿರೋಧ ಅಲ್ಲ. ಎತ್ತರದ ನಿಯಮ ಸಡಿಲ ಮಾಡಿ ಅಂತ ಕೇಳೋದನ್ನ ಮಾತ್ರ ನಾನು ಒಪ್ಪಲ್ಲ, ಇಂಜಿನ್ ಕೈಕೊಟ್ಟ ಹೊತ್ತಲ್ಲಿ ಪೈಲಟ್‌ಗೆ ಉಳಿಯೋದು ಆ ಖಾಲಿ ಜಾಗ ಒಂದೇ.

ಬೆಂಗಳೂರಿಂದ ಬಂದವರು ಯಾರಾದ್ರೂ ಇದ್ರೆ ಜಕ್ಕೂರು ನೆನಪಿಗೆ ಬರಬೇಕು. ಅಲ್ಲಿನ ಫ್ಲೈಯಿಂಗ್ ಸ್ಕೂಲ್ ಪಕ್ಕದಲ್ಲೇ ಹೊಸ ಏರ್‌ಪೋರ್ಟಿಗೆ ಹೋಗೋ ಎಲಿವೇಟೆಡ್ ರೋಡ್ ಬಂತು, ರನ್‌ವೇಯ ಆ ತುದಿ ಬಳಸೋದು ಕಷ್ಟ ಆಯ್ತು. ದೊಡ್ಡ ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡೋಕೆ ಹೋಗಿ ಸಣ್ಣ ವಿಮಾನ ನಿಲ್ದಾಣದ ಕತ್ತು ಹಿಸುಕಿದ ಹಾಗಾಯ್ತು. ಪ್ಲಾನ್ ಮಾಡೋರು ಒಂದು ಸಲ ಕೂತು ಮಾತಾಡಿದ್ರೆ ಸಾಕಿತ್ತು.

ಸರಿ, ಎತ್ತರ ಸಾಕು. ಹಕ್ಕಿಗೆ ಬರ್ತೀನಿ.

1937ರ ಏರ್‌ಕ್ರಾಫ್ಟ್ ರೂಲ್ಸ್‌ನಲ್ಲಿ 91ನೇ ನಿಯಮ ಅಂತ ಇತ್ತು, ಅದರ ತಿರುಳು ಇಷ್ಟು: ಏರೋಡ್ರೋಮ್‌ನ ಸುತ್ತ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯೋದು, ಹಕ್ಕಿಗಳನ್ನ ಕರೆಯೋ ಥರ ಕಸ ಎಸೆಯೋದು ಮಾಡಬಾರದು. ಹತ್ತು ಕಿಲೋಮೀಟರ್ ಅಂದ್ರೆ ಬಾಂದ್ರಾದಿಂದ ಜೋಗೇಶ್ವರಿ ಆಚೆವರೆಗೂ ಬಂತು. ಅಷ್ಟು ಜಾಗದಲ್ಲಿ ಎಷ್ಟು ಮೀನು ಮಾರ್ಕೆಟ್, ಎಷ್ಟು ಚಿಕನ್ ಅಂಗಡಿ, ಎಷ್ಟು ಹೋಟೆಲ್ ಇದೆ? ನಮ್ಮವರ ಹೋಟೆಲ್‌ಗಳೇ ಎಷ್ಟಿಲ್ಲ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ತೊಳೆದು ಉಳಿದಿದ್ದನ್ನ ಹೊರಗಿನ ಡಬ್ಬಕ್ಕೆ ಹಾಕಿದ್ರೆ, ಮುಚ್ಚಳ ಇಲ್ಲ ಅಂದ್ರೆ, ಬೆಳಗ್ಗೆ ಆರಕ್ಕೆ ಅಲ್ಲಿ ಕಾಗೆ ಮತ್ತು ಹದ್ದುಗಳ ಸಂತೆ. ಹದ್ದು ಬಿಸಿಗಾಳಿ ಹಿಡ್ಕೊಂಡು ಸುತ್ತುತ್ತಾ ಮೇಲೇರುತ್ತೆ, ಹೆಲಿಕಾಪ್ಟರ್ ಹಾರೋದೂ ಅದೇ ಎತ್ತರದಲ್ಲಿ. ಜೆಟ್ ಆದ್ರೆ ಆ ಎತ್ತರವನ್ನ ಬೇಗ ದಾಟಿ ಹೋಗುತ್ತೆ, ಹೆಲಿಕಾಪ್ಟರ್ ದಾರಿಪೂರ್ತಿ ಅಲ್ಲೇ ಇರುತ್ತೆ. ಒಂದು ಹದ್ದು ಮುಂದಿನ ಗಾಜಿಗೆ ಬಡಿದ್ರೆ ಗಾಜು ಒಡೆದು ಪೈಲಟ್ ಮುಖಕ್ಕೇ ಬರಬಹುದು, ಹಿಂದಿನ ಸಣ್ಣ ಫ್ಯಾನಿಗೆ ಸಿಕ್ಕಿದ್ರೆ ಹೆಲಿಕಾಪ್ಟರ್‌ನ ನೇರ ಇಟ್ಕೊಳ್ಳೋದೇ ಕಷ್ಟ.

ಜುಹು ಬೀಚ್ ಇದಕ್ಕೆ ದೊಡ್ಡ ಉದಾಹರಣೆ. ರನ್‌ವೇಯ ಪಶ್ಚಿಮ ತುದಿ, ಆಮೇಲೆ ಜುಹು ತಾರಾ ರೋಡ್, ಆಮೇಲೆ ಮರಳು, ಅಷ್ಟೇ ಅಂತರ. ಗಣಪತಿ ವಿಸರ್ಜನೆಯ ಮರುದಿನ ಬೆಳಗ್ಗೆ ಹೋಗಿ ನೋಡಿ, ಪ್ರಸಾದ, ಹೂವು, ಭೇಲ್‌ಪುರಿ ತಟ್ಟೆ, ಜೋಳದ ದಿಂಡು. ಬಿಎಂಸಿಯ, ಅಂದ್ರೆ ಮುಂಬಯಿ ಪಾಲಿಕೆಯ ಪೌರಕಾರ್ಮಿಕರು ಮತ್ತು ಕಾಲೇಜು ಹುಡುಗರು ರಾತ್ರಿಯೆಲ್ಲ ಗುಡಿಸ್ತಾರೆ, ನಾನು ಅವರಿಗೆ ಕೈ ಮುಗೀತೀನಿ, ಅವರು ಅವತ್ತು ಬೆಳಗ್ಗೆ ಎಣ್ಣೆ ಬಾವಿಗೆ ಹೋಗೋ ಹುಡುಗರ ಜೀವ ಕಾಯ್ತಿದಾರೆ ಅಂತ ಅವರಿಗೂ ಯಾರೂ ಹೇಳಿರಲ್ಲ.

ಕೋಳಿವಾಡದ ಮಾತು ಆಗ್ಲೇ ಹೇಳಿದ್ನಲ್ಲ. ಮೀನು ಒಣಗಿಸಿದ್ರೆ ಹಕ್ಕಿ ಬರುತ್ತೆ, ನಿಜ. ಆದ್ರೆ ಅವರು ಅಲ್ಲಿ ವಿಮಾನಕ್ಕಿಂತ ಮುಂಚೆ ಇದ್ದವರು, ಅದು ಅವರ ಹೊಟ್ಟೆಪಾಡು. ಅವರಿಗೆ ನೋಟಿಸು ಕೊಡೋದು ಸುಲಭ, ಬಲೆ ಹೊದಿಸಿದ ಒಣಗಿಸೋ ಕಟ್ಟೆ, ಮೀನಿನ ತ್ಯಾಜ್ಯ ಅವತ್ತಿಂದವತ್ತೇ ತಗೊಂಡು ಹೋಗೋ ಗಾಡಿ ಕೊಡೋದು ಸರಿಯಾದ ಕೆಲಸ. ನಾನು ಕರಾವಳಿಯವನು ಮಾರಾಯ್ರೆ, ಒಣಮೀನು ಮಾಡೋರನ್ನ ತಪ್ಪಿತಸ್ಥರ ಥರ ನೋಡೋದು ನನ್ನ ಕೈಲಾಗಲ್ಲ.

ಗೋಡೆ ಒಳಗಿನವರ ಪಾಲೂ ಇದೆ. ಮಳೆ ಬಿದ್ದ ಮೇಲೆ ರನ್‌ವೇ ಪಕ್ಕದಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತೆ, ಹುಳ ಬರುತ್ತೆ, ಕಪ್ಪೆ ಬರುತ್ತೆ, ಅದನ್ನ ತಿನ್ನೋಕೆ ಬೆಳ್ಳಕ್ಕಿ ಬರುತ್ತೆ. ಹುಲ್ಲು ಕತ್ತರಿಸೋದು, ನೀರು ನಿಲ್ಲದ ಹಾಗೆ ನೋಡೋದು, ಮೋರಿ ಬಾಯಿಗೆ ಜಾಲರಿ ಹಾಕೋದು ನಿಲ್ದಾಣದವರ ಕೆಲಸ. ಜಾಲರಿ ಕಿತ್ತುಹೋದ್ರೆ ಬೀದಿನಾಯಿ ಒಳಗೆ ಬರುತ್ತೆ, ನಾಯಿ ರನ್‌ವೇ ಮೇಲೆ ಬಂದ್ರೆ ಇಳಿಯೋಕೆ ಬಂದವನು ಮತ್ತೆ ಮೇಲೇರಬೇಕು.

ಈ ಹಕ್ಕಿ, ಕಸದ ವಿಷಯಕ್ಕೆ ಅಂತಲೇ ಒಂದು ಕಮಿಟಿ ಇದೆ, ಏರ್‌ಫೀಲ್ಡ್ ಎನ್ವಿರಾನ್‌ಮೆಂಟ್ ಮ್ಯಾನೇಜ್‌ಮೆಂಟ್ ಕಮಿಟಿ ಅಂತ. ಸರ್ಕಾರದವರು, ಪಾಲಿಕೆಯವರು, ನಿಲ್ದಾಣದವರು ಸೇರೋ ಜಾಗ ಅದು. ಕೈ ಎತ್ತಿ ನೋಡೋಣ, ಇದರ ಹೆಸರು ಕೇಳಿದವರು ಎಷ್ಟು ಜನ? ನೋಡಿ, ಒಂದು ಕೈಯೂ ಮೇಲೆ ಹೋಗ್ಲಿಲ್ಲ. ಕಸ ನಮ್ಮದು, ಅಂಗಡಿ ನಮ್ಮದು, ತಲೆ ಮೇಲೆ ಹಾರೋದು ನಮ್ಮ ತಲೆ ಮೇಲೆ, ಅಲ್ಲಿ ನಮ್ಮ ಪರವಾಗಿ ಒಂದು ಕುರ್ಚಿ ಬೇಕು. ಒಂದು ಸೊಸೈಟಿ ಫೆಡರೇಷನ್‌ನಿಂದ, ಒಂದು ಕೋಳಿವಾಡದಿಂದ, ಒಂದು ನೆಹರು ನಗರದಿಂದ. ಗೋಡೆಗೆ ಅಂಟಿಕೊಂಡೇ ಇರೋ ಝೋಪಡಪಟ್ಟಿಯವರನ್ನ ಬಿಟ್ಟು ಸುತ್ತಮುತ್ತಲಿನವರು ಅನ್ನೋದ್ರಲ್ಲಿ ಅರ್ಥ ಇಲ್ಲ.

ನೀರಿನ ವಿಷಯಕ್ಕೆ ಬರೋಣ. 2005ರ ಜುಲೈ 26 ಇಲ್ಲಿ ಯಾರಿಗೂ ಮರೆತಿಲ್ಲ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಈ ಭಾಗದಲ್ಲಿ ಬಯಲು ಅಂತ ಉಳಿದಿರೋದು ಎಷ್ಟು ಹೇಳಿ, ಅದರಲ್ಲಿ ಏರೋಡ್ರೋಮ್ ಒಂದು. ಹುಲ್ಲಿನ ನೆಲ ನೀರು ಕುಡಿಯುತ್ತೆ, ಕಾಂಕ್ರೀಟ್ ಕುಡಿಯಲ್ಲ. ಆದ್ರೆ ಆ ನೆಲ ಸಮುದ್ರ ಮಟ್ಟಕ್ಕಿಂತ ಬರೀ ನಾಲ್ಕೈದು ಮೀಟರ್ ಎತ್ತರ, ಭರತದ ಹೊತ್ತಲ್ಲಿ ಮಳೆ ಬಂದ್ರೆ ನೀರು ಹೊರಗೆ ಹೋಗಲ್ಲ. ಇರ್ಲಾ ನಾಲಾದಲ್ಲಿ ಥರ್ಮಾಕೋಲು, ಪ್ಲಾಸ್ಟಿಕ್ಕು ತುಂಬಿದ್ರೆ ಬಸ್ತಿ, ಬಂಗಲೆ, ರನ್‌ವೇ ಅಂತ ಅದು ಭೇದ ಮಾಡಲ್ಲ. ನಿಲ್ದಾಣದವರು ತಮ್ಮ ಒಳಗಿನ ಚರಂಡಿ ಮೇ ತಿಂಗಳಲ್ಲಿ ಕ್ಲೀನ್ ಮಾಡ್ತಾರೆ, ಪಾಲಿಕೆಯವರು ಹೊರಗಿನದ್ದು ಮಾಡ್ತಾರೆ, ಎರಡೂ ಸೇರೋ ಆ ಗೋಡೆ ಕೆಳಗಿನ ಕಲ್ವರ್ಟು ಯಾರದ್ದು ಅಂತ ಕೇಳಿದ್ರೆ ಕೆಲವೊಮ್ಮೆ ಉತ್ತರ ಸಿಗಲ್ಲ. ಇಬ್ಬರೂ ಒಂದೇ ದಿನ ಒಂದೇ ಕಡೆ ನಿಂತು ನೋಡಿದ್ರೆ ಮುಗಿದುಹೋಗೋ ಕೆಲಸ.

ಡ್ರೋನ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಮದುವೆ ಫೋಟೋಗ್ರಾಫರ್‌ಗಳು ಬೀಚ್ ಹೋಟೆಲಲ್ಲಿ ಡ್ರೋನ್ ಎತ್ತಿಸ್ತಾರೆ, 250 ಗ್ರಾಂ ಒಳಗೆ ಇದೆ ಸರ್ ಪರವಾಗಿಲ್ಲ ಅಂತಾರೆ. ಪರವಾಗಿದೆ. 2021ರ ಡ್ರೋನ್ ರೂಲ್ಸ್‌ನಲ್ಲಿ ಸಣ್ಣದಕ್ಕೆ ಪೈಲಟ್ ಲೈಸೆನ್ಸ್ ಬೇಡ, ಆದ್ರೆ ಜಾಗದ ನಿರ್ಬಂಧ ಎಲ್ಲದಕ್ಕೂ ಒಂದೇ, ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ಮ್ಯಾಪ್ ತೆಗೆದು ನೋಡಿ, ಜುಹು ಪಾರ್ಲೆ ಎಲ್ಲಾ ಪರ್ಮಿಷನ್ ಇಲ್ಲದೆ ಹಾರಿಸೋ ಹಾಗಿಲ್ಲದ ಜಾಗ. ಡಿಜೆ ಲೇಸರ್ ಆಕಾಶಕ್ಕೆ ಬಿಡೋದು, ದೀಪದ ಕಂದೀಲು ಹಾರಿಸೋದು, ಇವೂ ಹಾಗೇ. ಮುಂದಿನ ಸಲ ಮನೆ ಮದುವೆಗೆ ಬುಕ್ ಮಾಡುವಾಗ ಫೋಟೋಗ್ರಾಫರ್‌ಗೆ ನೀವೇ ಬೇಡ ಅನ್ನಿ.

ಅಪಘಾತದ ಬಗ್ಗೆ ಮಾತಾಡದೆ ಹೋದ್ರೆ ನಾನು ಪ್ರಾಮಾಣಿಕ ಅನ್ನಿಸ್ಕೊಳ್ಳಲ್ಲ. 2018ರ ಜನವರಿ 13ಕ್ಕೆ ಜುಹುವಿಂದ ಹೊರಟ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು, ಒಎನ್‌ಜಿಸಿಯ ಐವರು, ಇಬ್ಬರು ಪೈಲಟ್‌ಗಳು ಅದರಲ್ಲಿದ್ರು. ಅದೇ ವರ್ಷ ಜೂನ್ 28ಕ್ಕೆ ಜುಹುವಿಂದ ಟೆಸ್ಟ್ ಫ್ಲೈಟ್‌ಗೆ ಹೊರಟ ಒಂದು ಸಣ್ಣ ಕಿಂಗ್ ಏರ್ ವಿಮಾನ ಘಾಟ್ಕೋಪರ್‌ನಲ್ಲಿ ಕಟ್ಟಡ ಕಟ್ಟುತ್ತಿದ್ದ ಜಾಗಕ್ಕೆ ಬಿತ್ತು. ಒಳಗಿದ್ದ ನಾಲ್ವರು ಹೋದ್ರು, ರಸ್ತೆಯಲ್ಲಿ ಹೋಗ್ತಿದ್ದ ಒಬ್ಬರು ಕೂಡ. 2022ರ ಜೂನ್ 28ಕ್ಕೆ ಇನ್ನೊಂದು ಹೆಲಿಕಾಪ್ಟರ್ ರಿಗ್ ಹತ್ತಿರ ನೀರಿಗೆ ಇಳೀತು, ಒಂಬತ್ತು ಜನರಲ್ಲಿ ನಾಲ್ವರು ತೀರಿಕೊಂಡ್ರು. ಘಾಟ್ಕೋಪರ್‌ನ ಆ ದಾರಿಹೋಕನಿಗೂ ಈ ಏರೋಡ್ರೋಮ್‌ಗೂ ಏನೂ ಸಂಬಂಧ ಇರಲಿಲ್ಲ, ಹಾಗಾಗಿ ಅಕ್ಕಪಕ್ಕದವರು ಅಂದ್ರೆ ಬರೀ ಗೋಡೆ ಪಕ್ಕದವರು ಅಂತ ಅಂದ್ಕೋಬಾರದು. ಹಳೇ ವಿಮಾನವನ್ನ ಟೆಸ್ಟ್ ಮಾಡೋಕೆ ಜನ ತುಂಬಿದ ಊರಿನ ಮೇಲೆ ಯಾಕೆ ಹಾರಿಸಬೇಕು, ಸಮುದ್ರದ ಮೇಲೆ ಯಾಕೆ ಆಗಲ್ಲ ಅಂತ ಕೇಳೋ ಹಕ್ಕು ನಮಗೆಲ್ಲ ಇದೆ, ಉತ್ತರ ಕೊಡೋ ಹೊಣೆ ಅವರಿಗಿದೆ.

ಇದಕ್ಕೆ ಹೊಂದಿಕೊಂಡೇ ಮಾಕ್ ಡ್ರಿಲ್ ವಿಷಯ ಬರುತ್ತೆ. ಎರಡು ವರ್ಷಕ್ಕೊಮ್ಮೆಯಾದ್ರೂ ಪೂರ್ಣ ಪ್ರಮಾಣದ ಎಮರ್ಜೆನ್ಸಿ ಡ್ರಿಲ್ ಮಾಡಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಫೈರ್ ಎಂಜಿನ್, ಪೊಲೀಸ್, ಆಂಬ್ಯುಲೆನ್ಸ್, ಎಲ್ಲಾ. ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಕೂಪರ್. ಶುಕ್ರವಾರ ಸಂಜೆ ಆರಕ್ಕೆ ಏರೋಡ್ರೋಮ್ ಗೇಟಿಂದ ಕೂಪರ್‌ಗೆ ಆಂಬ್ಯುಲೆನ್ಸ್ ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತು, ಅಲ್ಲಿ ಡಬಲ್ ಪಾರ್ಕಿಂಗ್ ಎಲ್ಲೆಲ್ಲಿ ಆಗುತ್ತೆ ಅಂತಲೂ ನಿಮಗೆ ಗೊತ್ತು. ಆ ತಿಳುವಳಿಕೆ ಡ್ರಿಲ್ ಪ್ಲಾನ್ ಮಾಡೋರಿಗೆ ಬೇಕು.

ಪುಣೆಯ ಹಡಪ್ಸರ್‌ನಲ್ಲಿ ಡಿಜಿಸಿಎಯ, ಅಂದ್ರೆ ವಿಮಾನಯಾನ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆಯ ಗ್ಲೈಡಿಂಗ್ ಸೆಂಟರ್ ಇದೆ, ನೋಡಿಲ್ಲದವರು ನೋಡಬೇಕು. ಇಂಜಿನ್ ಇಲ್ಲದ ಗ್ಲೈಡರ್‌ನ ಉದ್ದದ ತಂತಿ ಕಟ್ಟಿ ವಿಂಚ್‌ನಲ್ಲಿ ಎಳೆದು ಮೇಲಕ್ಕೆ ಬಿಡ್ತಾರೆ. ಅದೇ ಬಯಲಿಗೆ ಸುತ್ತಲಿನ ಜನ ವಾಕಿಂಗ್‌ಗೆ ಬರ್ತಾರೆ. ಆ ತಂತಿ ಹತ್ರ ಮನುಷ್ಯ ಇರಬಾರದು, ಹಾಗಾಗಿ ಹೊತ್ತು ಹಂಚಿಕೊಂಡು ಬದುಕಬೇಕು. ಪುಣೆಯ ಮಧ್ಯೆ ಅಷ್ಟು ದೊಡ್ಡ ಬಯಲು ಉಳಿದಿರೋದು ಗ್ಲೈಡರ್‌ನಿಂದ, ಆ ಬಯಲು ತಮ್ಮದು ಅಂತ ಸುತ್ತಲಿನವರಿಗೆ ಅನ್ನಿಸಿರೋದು ಆ ವಾಕಿಂಗ್‌ನಿಂದ. ಜುಹುವಿನಲ್ಲಿ ಸೆಕ್ಯುರಿಟಿ ಬಿಗಿ, ವಾಕಿಂಗ್ ಆಗಲ್ಲ, ಒಪ್ತೀನಿ. ಆದ್ರೆ ವರ್ಷಕ್ಕೊಂದು ದಿನ ಶಾಲೆ ಮಕ್ಕಳನ್ನ ಕರೆದು ಫೈರ್ ಎಂಜಿನ್ ತೋರಿಸಿ, ಹ್ಯಾಂಗರ್ ತೋರಿಸಿ, 1932ರ ಕಥೆ ಹೇಳೋಕೆ ಏನು ಅಡ್ಡಿ? ನೆಹರು ನಗರದ ಒಂದು ಹುಡುಗಿ ದಿನಾ ಗೋಡೆ ಈ ಕಡೆಯಿಂದ ಹೆಲಿಕಾಪ್ಟರ್ ನೋಡ್ತಾಳೆ, ಅದನ್ನ ಸರಿ ಮಾಡೋ ಮೆಕ್ಯಾನಿಕ್ ಕೆಲಸ ಅಂತ ಒಂದಿದೆ, ಅದಕ್ಕೆ ಓದು ಇದೆ, ಲೈಸೆನ್ಸ್ ಇದೆ ಅಂತ ಅವಳಿಗೆ ಯಾರು ಹೇಳಬೇಕು?

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದಾರೆ, ಇಷ್ಟೆಲ್ಲ ತೊಂದರೆ ಇದ್ರೆ ಏರೋಡ್ರೋಮ್‌ನೇ ಎತ್ತಿ ಬೇರೆ ಕಡೆ ಹಾಕಬಾರದಾ, ಆ ಜಾಗದಲ್ಲಿ ಮನೆ ಕಟ್ಟಬಾರದಾ ಅಂತ. ನ್ಯಾಯವಾದ ಪ್ರಶ್ನೆ. ಫ್ಲೈಯಿಂಗ್ ಕ್ಲಬ್ಬಿನ ಟ್ರೇನಿಂಗ್ ಈಗಾಗ್ಲೇ ಧುಳೆಗೆ ಹೋಗಿದೆ, ಅದು ಸರಿಯಾಯ್ತು, ಕಲಿಯೋ ಹುಡುಗರು ಇಂಥ ಗಿಜಿಗಿಜಿ ಆಕಾಶದಲ್ಲಿ ಇರಬಾರದು. ನವಿ ಮುಂಬಯಿ ಏರ್‌ಪೋರ್ಟ್ 2025ರ ಡಿಸೆಂಬರ್‌ನಲ್ಲಿ ಶುರುವಾಗಿದೆ, ಅದೂ ನಿಜ. ಆದ್ರೆ ಎಣ್ಣೆ ಬಾವಿ ಇರೋದು ಪಶ್ಚಿಮಕ್ಕೆ, ಪೂರ್ವಕ್ಕೆ ಹೋದಷ್ಟೂ ಹೆಲಿಕಾಪ್ಟರ್ ಇಡೀ ಮುಂಬಯಿ ಮೇಲೆ ಹಾರಬೇಕು. ಇಲ್ಲಿಂದಾದ್ರೆ ಏರಿದ ಕೂಡಲೇ ಸಮುದ್ರ. ಸಾಂತಾಕ್ರೂಜ್ ನಿಲ್ದಾಣದಲ್ಲಿ ಎರಡು ರನ್‌ವೇ ಒಂದನ್ನೊಂದು ದಾಟುತ್ತವೆ, ಎರಡನ್ನೂ ಒಟ್ಟಿಗೆ ಬಳಸೋಕಾಗಲ್ಲ, ಅಲ್ಲಿ ಹೆಲಿಕಾಪ್ಟರ್ ತುರುಕೋಕೆ ಜಾಗ ಎಲ್ಲಿದೆ. ಇನ್ನು ಮನೆ ಕಟ್ಟೋ ಮಾತು. ದೊಡ್ಡ ನಿಲ್ದಾಣದ ದಾರಿಯಲ್ಲೇ ಇರೋ ಜಾಗ ಇದು, ಜುಹು ಮುಚ್ಚಿದ್ರೂ ಎತ್ತರದ ಕಟ್ಟು ಹೋಗಲ್ಲ, ಮಳೆನೀರಿಗೆ ಇರೋ ಬಯಲು ಮಾತ್ರ ಹೋಗುತ್ತೆ. ಹಾಗಾಗಿ ಇದು ಇಲ್ಲೇ ಇರಲಿ ಅಂತ ನಾನು ಹೇಳೋದು, ಆದ್ರೆ ನಮಗೆ ಲೆಕ್ಕ ಒಪ್ಪಿಸ್ತಾ ಇರಲಿ.

ಆ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಿದೀನಿ, ಮರಾಠಿಯಲ್ಲೂ ಇಂಗ್ಲಿಷಲ್ಲೂ ಇದೆ, ಓದಿ ಅರ್ಥ ಆಗದೆ ಇದ್ರೆ ಕೇಳಿ, ಕನ್ನಡದಲ್ಲಿ ಹೇಳ್ತೀನಿ. ಒಂದು ಪ್ರತಿ ಕೆ ವೆಸ್ಟ್ ವಾರ್ಡ್ ಆಫೀಸಿಗೆ, ಒಂದು ಎಚ್ ವೆಸ್ಟ್‌ಗೆ, ಒಂದು ಏರೋಡ್ರೋಮ್ ಕಚೇರಿಗೆ. ಕೇಳಿರೋದು ಮೂರೇ: ಕಮಿಟಿಯಲ್ಲಿ ನಮ್ಮವರಿಗೆ ಕುರ್ಚಿ, ಇಂಜಿನ್ ಟೆಸ್ಟ್‌ಗೆ ಹೊತ್ತು ಗೊತ್ತು ಮಾಡೋದು, ಮಳೆಗಾಲಕ್ಕೆ ಮೊದಲು ಕಲ್ವರ್ಟುಗಳನ್ನ ಎರಡೂ ಕಡೆಯವರು ಒಟ್ಟಿಗೆ ಬಂದು ನೋಡೋದು. ಹೋಟೆಲ್ ಇಟ್ಕೊಂಡವರು ಸಹಿ ಹಾಕುವಾಗ ತಮ್ಮ ಕಸದ ಡಬ್ಬಕ್ಕೆ ಮುಚ್ಚಳ ಇದೆಯಾ ಅಂತ ಇವತ್ತು ರಾತ್ರಿನೇ ನೋಡ್ತೀನಿ ಅಂತ ಮನಸ್ಸಿನಲ್ಲಿ ಅಂದ್ಕೊಂಡು ಹಾಕಿ. ಫ್ಲಾಟ್ ನಂಬರ್ ಬರೀಬೇಕಿಲ್ಲ, ಸೊಸೈಟಿ ಹೆಸರು ಸಾಕು.